ದೊಡ್ಡಪತ್ರೆ, ಒಂದೆಲಗ ಅರೆದು ಹಚ್ಚಿದರೆ ಶುಗರ್ ಗಾಯ ಮಾಯುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ದೊಡ್ಡಪತ್ರೆ ಮತ್ತು ಒಂದೆಲಗದ ಸೊಪ್ಪು ಅರೆದು ಹಚ್ಚಿ, ಎಷ್ಟೇ ಹಳೆಯ ಶುಗರ್ ಗಾಯವಾದರೂ ವಾಸಿಯಾಗುತ್ತದೆ. ಇದನ್ನು ವಿದೇಶದ ವಿಜ್ಞಾನಿಗಳೇ ಒಪ್ಪಿದ್ದಾರೆ. ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ, ಹುಷಾರ್! ಎಲ್ಲರಿಗೂ ತಲುಪಿಸಿ." ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಒಂದಲ್ಲ ಒಂದು ದಿನ ಬಂದಿರಬಹುದು. ಕೆಲವು ಸಲ ಎಲೆ ಬೇರೆ ಇರುತ್ತದೆ: ಬೇವು, ಅರಿಶಿನ, ಜೇನುತುಪ್ಪ. ಹೇಳುವ ಮಾತು ಮಾತ್ರ ಒಂದೇ.

ಪೂರ್ತಿ ಸುಳ್ಳಾದ ಸಂದೇಶವನ್ನು ತಳ್ಳಿಹಾಕುವುದು ಸುಲಭ. ಇದು ಹಾಗಲ್ಲ, ಇದರೊಳಗೆ ಒಂದು ನಿಜವೂ ಇದೆ. ಆ ನಿಜವನ್ನು ನಂಬಿ ಉಳಿದ ಸುಳ್ಳನ್ನೂ ನುಂಗಿದವರು ಕಾಲು ಕಳೆದುಕೊಳ್ಳುವ ಅಪಾಯವಿದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ.

ಚಿಕ್ಕದಾಗಿ ಉತ್ತರ

ಈ ಎರಡು ಗಿಡಗಳ ಸಾರದಿಂದ ತಯಾರಿಸಿದ ಒಂದು ಕ್ರೀಮ್ ಮಧುಮೇಹಿಗಳ ಕಾಲಿನ ಗಾಯಕ್ಕೆ ಉಪಯುಕ್ತ ಎಂದು ಒಂದು ದೊಡ್ಡ ಪರೀಕ್ಷೆಯಲ್ಲಿ ಕಂಡಿದೆ. ಇದು ನಿಜ. ಮನೆಯಲ್ಲಿ ಅರೆದ ಸೊಪ್ಪು ಅದೇ ಕೆಲಸ ಮಾಡುತ್ತದೆ ಎಂಬುದಕ್ಕೆ ಆ ಪರೀಕ್ಷೆ ಆಧಾರವಲ್ಲ. ಆಸ್ಪತ್ರೆಗೆ ಹೋದರೆ ಕಾಲು ಹೋಗುತ್ತದೆ ಎಂಬ ಮಾತಂತೂ ತಲೆಕೆಳಗು. ತಡವಾಗಿ ಹೋಗುವುದರಿಂದಲೇ ಹೆಚ್ಚಿನ ಕಾಲುಗಳು ಹೋಗುತ್ತವೆ.

ಒಂದು ಮುಳ್ಳಿನಿಂದ ಶುರುವಾಗುವ ಕಥೆ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ, ತೋರಣಗಲ್ಲಿಗೆ ಮೊದಲು ಸಿಗುವ ಊರು ಗಾದಿಗನೂರು. ಅಲ್ಲಿನ ಒಬ್ಬ ರೈತರನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತೈದು, ಶುಗರ್ ಬಂದು ಹತ್ತು ವರ್ಷ. ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಹೆಬ್ಬೆರಳಿನ ಬುಡಕ್ಕೆ ಚುಚ್ಚಿದೆ. ಬೇರೆಯವರಾಗಿದ್ದರೆ ಅಲ್ಲೇ ಕೂತು ಮುಳ್ಳು ಕೀಳುತ್ತಿದ್ದರು. ಇವರಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ. ಸಂಜೆಯವರೆಗೆ ಅದರ ಮೇಲೆಯೇ ನಡೆದರು. ನಾಲ್ಕನೇ ದಿನ ಕಾಲುಚೀಲದಲ್ಲಿ ಕಲೆ ಕಂಡಾಗಲೇ ಗಾಯವಾಗಿರುವುದು ತಿಳಿಯಿತು.

ಇವರು ನಾವು ಕಲ್ಪಿಸಿಕೊಂಡ ವ್ಯಕ್ತಿ. ಆದರೆ ಇಂಥದ್ದು ನಡೆಯಲು ಈ ಸೀಮೆಯಲ್ಲಿ ದಾರಿಗಳು ಬಹಳ. ಹತ್ತಿ ಕಿತ್ತ ಹೊಲದಲ್ಲಿ ನಿಂತ ಕಡ್ಡಿ ಚುಚ್ಚಬಹುದು. ಗಣಿ, ಕಾರ್ಖಾನೆಗಳ ಕೆಲಸದಲ್ಲಿ ದಿನವಿಡೀ ತೊಡುವ ಬಿಗಿಯಾದ ಸೇಫ್ಟಿ ಶೂ ಉಜ್ಜಬಹುದು. ಬೇಸಿಗೆಯ ಮಧ್ಯಾಹ್ನ ಹಂಪಿಯ ಬಂಡೆಗಳ ಮೇಲೆ ಬರಿಗಾಲಲ್ಲಿ ನಡೆದಾಗ ಅಥವಾ ಹರಕೆ ಹೊತ್ತು ಹುಲಿಗಿಗೆ ಕಾಲ್ನಡಿಗೆಯಲ್ಲಿ ಹೋದಾಗ ಅಂಗಾಲು ಸುಟ್ಟು ಬೊಬ್ಬೆ ಏಳಬಹುದು. ಮುಟ್ಟಿದ್ದು, ಸುಟ್ಟಿದ್ದು ಗೊತ್ತಾಗದ ಕಾಲಿಗೆ ಇವೆಲ್ಲವೂ ಅಪಾಯವೇ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹ ಇರುವವರಲ್ಲಿ ಐದರಿಂದ ಮೂರು ಜನಕ್ಕೆ ಒಬ್ಬರಂತೆ, ಅಂದರೆ ಶೇ. 19ರಿಂದ 34ರಷ್ಟು ಮಂದಿಗೆ, ಜೀವನದಲ್ಲಿ ಒಮ್ಮೆಯಾದರೂ ಕಾಲಿನ ಹುಣ್ಣು ಆಗುವ ಸಂಭವವಿದೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಹಾಗಾಗಿ ಇದು ಯಾರದೋ ಮನೆಯ ವಿಷಯವಲ್ಲ.

ಈ ಗಾಯ ಏಕೆ ಬೇಗ ಮಾಯುವುದಿಲ್ಲ?

"ರಕ್ತದಲ್ಲಿ ಸಕ್ಕರೆ ಇದೆ, ಅದಕ್ಕೇ ಗಾಯ ಒಣಗುವುದಿಲ್ಲ" ಎನ್ನುವುದು ಸಾಮಾನ್ಯ ಮಾತು. ತಪ್ಪಲ್ಲ, ಆದರೆ ಅದು ಕಾಲು ಭಾಗದ ಉತ್ತರ. ನಿಜದಲ್ಲಿ ನಾಲ್ಕು ತೊಂದರೆಗಳು ಒಟ್ಟಿಗೆ ಕೂಡಿಕೊಳ್ಳುತ್ತವೆ.

ಒಂದು, ನರ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸವೆಯುತ್ತವೆ. ಕೆಲವರಿಗೆ ಜೋಮು, ಉರಿ ಕಾಣಿಸುತ್ತದೆ. ಅನೇಕರಿಗೆ ಏನೂ ಅನ್ನಿಸುವುದಿಲ್ಲ, ಸ್ಪರ್ಶ ಸದ್ದಿಲ್ಲದೆ ಹೋಗಿಬಿಡುತ್ತದೆ. ನೋವಿಲ್ಲದ ಕಾರಣ ಗಾಯದ ಮೇಲೆಯೇ ನಡೆಯುತ್ತಾರೆ.

ಎರಡು, ರಕ್ತ ಸಂಚಾರ. ಕಾಲಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗಿರಬಹುದು. ಬೀಡಿ, ಸಿಗರೇಟು, ತಂಬಾಕು ಇದ್ದರೆ ಇನ್ನೂ ಬೇಗ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದಿದ್ದರೆ ಎಷ್ಟು ಗೊಬ್ಬರ ಹಾಕಿ ಏನು ಪ್ರಯೋಜನ? ರಕ್ತ ತಲುಪದ ಬೆರಳಿಗೆ ಮುಲಾಮು ಹಚ್ಚುವುದೂ ಹಾಗೆಯೇ.

ಮೂರು, ಸೋಂಕು. ಸಕ್ಕರೆ ಹೆಚ್ಚಿರುವಾಗ ರೋಗಾಣುಗಳ ಜತೆ ಹೋರಾಡುವ ಬಿಳಿ ರಕ್ತಕಣಗಳು ಸೋಮಾರಿಯಾಗುತ್ತವೆ. ಮೇಲೆ ಕಾಳಿನಷ್ಟು ಕಾಣುವ ತೂತು ಒಳಗೆ ಎಲುಬಿನವರೆಗೂ ಹೋಗಿರಬಹುದು.

ನಾಲ್ಕು, ರಿಪೇರಿ ಕೆಲಸವೇ ನಿಂತುಹೋಗುವುದು. ಮೈಮೇಲೆ ಗಾಯವಾದಾಗ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಮೊದಲು ಬಂದು ಸತ್ತ ಅಂಗಾಂಶ, ರೋಗಾಣುಗಳನ್ನು ತಿಂದು ಸ್ವಚ್ಛ ಮಾಡುತ್ತವೆ. ಕೆಲವು ದಿನಗಳ ನಂತರ ಅವು ತಮ್ಮ ಸ್ವಭಾವ ಬದಲಿಸಿ ಹೊಸ ಚರ್ಮ ಕಟ್ಟುವವರಿಗೆ ನೆರವಾಗುತ್ತವೆ. ಹಳೆ ಗೋಡೆ ಕೆಡವುವ ಗುಂಪು ಹೋಗಿ ಹೊಸ ಗೋಡೆ ಕಟ್ಟುವ ಗುಂಪು ಬಂದ ಹಾಗೆ. ಮಧುಮೇಹಿಗಳ ಗಾಯದಲ್ಲಿ ಕೆಡವುವ ಗುಂಪೇ ವಾರಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ. ಗಾಯ ಉರಿಯೂತದಲ್ಲೇ ನಿಂತುಬಿಡುತ್ತದೆ.

ಹೊಸ ಚಿಕಿತ್ಸೆಗಳಲ್ಲಿ ಹಲವು ಈ ನಾಲ್ಕನೆಯ ತೊಂದರೆಯನ್ನು ಗುರಿಯಾಗಿಸಿಕೊಂಡಿವೆ. ನಮ್ಮ ಹಿತ್ತಲಿನ ಎರಡು ಗಿಡಗಳ ಕಥೆ ಶುರುವಾಗುವುದೂ ಇಲ್ಲೇ.

ಎಲೆಯ ನಿಜವಾದ ಕಥೆ

ಶೀತ, ಕೆಮ್ಮಿಗೆ ಮಕ್ಕಳಿಗೆ ರಸ ಕುಡಿಸುವ, ತಂಬುಳಿ, ಬಜ್ಜಿ ಮಾಡುವ ದೊಡ್ಡಪತ್ರೆಯ ವೈಜ್ಞಾನಿಕ ಹೆಸರು ಪ್ಲೆಕ್ಟ್ರಾಂಥಸ್ ಅಂಬೊಯಿನಿಕಸ್. ಒಂದೆಲಗದ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ತೈವಾನ್ ದೇಶದ ಒಂದು ಕಂಪನಿ ಈ ಎರಡೂ ಗಿಡಗಳಿಂದ ನಿರ್ದಿಷ್ಟ ಅಂಶಗಳನ್ನು ಬೇರ್ಪಡಿಸಿ ಒಎನ್101 ಎಂಬ ಕ್ರೀಮ್ ತಯಾರಿಸಿತು. ಕೆಡವುವ ಸ್ಥಿತಿಯಲ್ಲಿ ಸಿಕ್ಕಿಕೊಂಡ ಮ್ಯಾಕ್ರೊಫೇಜ್‌ಗಳನ್ನು ಕಟ್ಟುವ ಸ್ಥಿತಿಯ ಕಡೆಗೆ ತಿರುಗಿಸುವುದು ಈ ಕ್ರೀಮಿನ ಕೆಲಸ ಎಂಬುದು ಅದನ್ನು ತಯಾರಿಸಿದವರ ವಿವರಣೆ.

ಇದನ್ನು ತೈವಾನ್, ಚೀನಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ 236 ರೋಗಿಗಳ ಮೇಲೆ ಪರೀಕ್ಷಿಸಿದರು. ಫಲಿತಾಂಶ 2021ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾ ನೆಟ್‌ವರ್ಕ್ ಓಪನ್‌ನಲ್ಲಿ ಪ್ರಕಟವಾಯಿತು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತುವ ರೀತಿಯಲ್ಲಿ ನಿರ್ಧರಿಸಲಾಗಿತ್ತು. ದಿನಕ್ಕೆ ಎರಡು ಬಾರಿ ಕ್ರೀಮ್ ಹಚ್ಚಿಕೊಂಡ 122 ಜನರಲ್ಲಿ 74 ಮಂದಿಯ ಗಾಯ 16 ವಾರಗಳಲ್ಲಿ ಪೂರ್ತಿ ಮುಚ್ಚಿತು. ತೇವ ಹೀರುವ ಆಧುನಿಕ ಡ್ರೆಸ್ಸಿಂಗ್ ಪಡೆದ 114 ಜನರಲ್ಲಿ 40 ಮಂದಿಯದು ಮುಚ್ಚಿತು. ಅಂದರೆ ಶೇ. 60.7 ಮತ್ತು ಶೇ. 35.1. ಅದೇ ವರ್ಷ ತೈವಾನ್ ಸರ್ಕಾರ ಈ ಕ್ರೀಮಿಗೆ ಅನುಮತಿ ಕೊಟ್ಟಿತು.

ನಮ್ಮ ಅಜ್ಜಿಯರ ಕೈಗಿಡ ಇಲ್ಲಿಯವರೆಗೆ ಬಂದಿರುವುದು ಸಂತೋಷದ ಸಂಗತಿಯೇ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಸಲ ಓದಿ.

ಕ್ರೀಮ್ ಹಚ್ಚಿದ ಹತ್ತು ಜನರಲ್ಲಿ ಸುಮಾರು ನಾಲ್ವರ ಗಾಯ ನಾಲ್ಕು ತಿಂಗಳಾದರೂ ಮುಚ್ಚಲಿಲ್ಲ. ಎಲೆಯ ಸಾರವೇ ಇಲ್ಲದ ಇನ್ನೊಂದು ಗುಂಪಿನಲ್ಲಿ ಮೂರರಲ್ಲಿ ಒಬ್ಬರ ಗಾಯ ಸರಿಯಾದ ಆರೈಕೆಯಿಂದಲೇ ಮಾಯಿತು. "ಏಳು ದಿನದಲ್ಲಿ ವಾಸಿ" ಎಂಬ ಮಾತು ಯಾವ ಗುಂಪಿಗೂ ಹೊಂದುವುದಿಲ್ಲ.

ಇನ್ನೊಂದು ವಿಷಯ, ಎಲ್ಲ ಗಾಯಗಳನ್ನೂ ಆ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಮೊದಲು ಸತ್ತ ಚರ್ಮ, ಅಂಗಾಂಶ ಕತ್ತರಿಸಿ ಗಾಯವನ್ನು ಶುಚಿ ಮಾಡಲಾಗಿತ್ತು. ಆಳಕ್ಕೆ ಇಳಿದು ಎಲುಬು ಕೊಳೆತ ಗಾಯಗಳನ್ನು, ಗ್ಯಾಂಗ್ರಿನ್ ಆದ ಕಾಲುಗಳನ್ನು ಹೊರಗಿಟ್ಟಿದ್ದರು. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ. 12ಕ್ಕಿಂತ ಕಡಿಮೆ ಇದ್ದವರನ್ನಷ್ಟೇ ತೆಗೆದುಕೊಂಡಿದ್ದರು. ಫಾರ್ವರ್ಡ್‌ನಲ್ಲಿ ಬರುವ "ಎಷ್ಟೇ ಹಳೆಯ, ಎಂಥದ್ದೇ ಗಾಯ" ಎಂಬ ಮಾತಿಗೆ ಈ ಪರೀಕ್ಷೆಯಲ್ಲಿ ಜಾಗವೇ ಇಲ್ಲ.

ಹಾಗಾದರೆ ಹಿತ್ತಲಿನ ಎಲೆಯನ್ನೇ ಅರೆದು ಹಚ್ಚಬಾರದೇ?

ಬೇಡ. ಕಾರಣ ಸರಳ. ಕ್ರೀಮಿನಲ್ಲಿರುವುದು ಅಳೆದು ಬೇರ್ಪಡಿಸಿದ ಅಂಶ. ಅರೆದ ಸೊಪ್ಪಿನಲ್ಲಿ ಎಲೆಯ ಜತೆ ಮಣ್ಣು, ತೊಳೆದ ನೀರು, ಒರಳಿನಲ್ಲಿ ಉಳಿದ ಖಾರ, ಕೈಯಲ್ಲಿರುವ ರೋಗಾಣು ಎಲ್ಲವೂ ಸೇರುತ್ತವೆ. ಮಣ್ಣಿನಲ್ಲಿ ಧನುರ್ವಾಯು ತರುವ ರೋಗಾಣುವೂ ಇರುತ್ತದೆ. ಒಡೆದ ಚರ್ಮದ ಮೂಲಕ ಇವು ನೇರವಾಗಿ ಒಳಗೆ ಹೋಗುತ್ತವೆ.

ಇನ್ನೊಂದು ತೊಂದರೆ ಕಣ್ಣಿಗೆ ಸಂಬಂಧಿಸಿದ್ದು. ಹಸಿರು ಅಥವಾ ಹಳದಿ ಲೇಪ ಬಳಿದ ಮೇಲೆ ಅದರಡಿ ಗಾಯ ಕೆಂಪಾಗಿದೆಯೋ, ಕಪ್ಪಾಗುತ್ತಿದೆಯೋ, ಕೀವು ತುಂಬಿದೆಯೋ ಕಾಣುವುದಿಲ್ಲ. ನೋವು ಮೊದಲೇ ಇಲ್ಲ, ಈಗ ನೋಟವೂ ಇಲ್ಲ. ಅರಿಶಿನ, ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಮಧುಮೇಹಿಗಳ ಪಾದದ ಆರೈಕೆ ಬಗ್ಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ತಜ್ಞರ ತಂಡ ಐಡಬ್ಲ್ಯೂಜಿಡಿಎಫ್ 2023ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಗಾಯ ಮಾಯಿಸುವುದಕ್ಕೆಂದು ಜೇನುತುಪ್ಪವನ್ನಾಗಲೀ ಗಿಡಮೂಲಿಕೆ ಸೇರಿಸಿದ ಡ್ರೆಸ್ಸಿಂಗ್‌ಗಳನ್ನಾಗಲೀ ಬಳಸಬೇಡಿ ಎಂಬುದು ಅದರ ಸಲಹೆ. ಇದು ಗಿಡಮೂಲಿಕೆಯ ಮೇಲಿನ ದ್ವೇಷದಿಂದ ಬಂದ ಮಾತಲ್ಲ. ದುಬಾರಿ ಬೆಳವಣಿಗೆ ಅಂಶಗಳ ಜೆಲ್‌ಗಳನ್ನೂ ಅದು ಒಪ್ಪಿಲ್ಲ. ಆಧಾರ ಸಾಲದು ಎನ್ನುವುದೇ ಎರಡಕ್ಕೂ ಕಾರಣ.

ದೊಡ್ಡಪತ್ರೆ ತಂಬುಳಿ, ಒಂದೆಲಗದ ಚಟ್ನಿ ಊಟಕ್ಕೆ ಇರಲಿ. ಗಾಯಕ್ಕೆ ಬೇಡ.

ಉಳಿದ ಹೊಸ ಚಿಕಿತ್ಸೆಗಳು: ಎಷ್ಟು ನಿಜ, ಎಷ್ಟು ಪ್ರಚಾರ?

*ಸಕ್ಕರೆಯಿಂದಲೇ ಬಂದ ಡ್ರೆಸ್ಸಿಂಗ್.* ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ವಸ್ತು ಇರುವ ಪಟ್ಟಿ ಇದು. ಯುರೋಪಿನಲ್ಲಿ 240 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 20 ವಾರಗಳಲ್ಲಿ ಇದನ್ನು ಬಳಸಿದವರ ಪೈಕಿ ಶೇ. 48 ಮಂದಿಯ ಗಾಯ ಮುಚ್ಚಿತು, ಈ ವಸ್ತು ಇಲ್ಲದ ಅಂಥದ್ದೇ ಪಟ್ಟಿ ಬಳಸಿದವರಲ್ಲಿ ಶೇ. 30 ಮಂದಿಯದು. ಹೆಸರಿನಲ್ಲಿ ಸುಕ್ರೋಸ್ ಇದೆಯೆಂದು ಗಾಯಕ್ಕೆ ಅಡುಗೆಮನೆಯ ಸಕ್ಕರೆ ಸುರಿಯಬೇಡಿ.

*ನಿಮ್ಮದೇ ರಕ್ತದ ಪಟ್ಟಿ.* ರೋಗಿಯ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳ ತೆಳು ಬಿಲ್ಲೆ ಮಾಡಿ ಗಾಯದ ಮೇಲೆ ಇಡುತ್ತಾರೆ. 2018ರಲ್ಲೇ ಪ್ರಕಟವಾದ, 269 ಜನರ ಪರೀಕ್ಷೆಯಲ್ಲಿ 20 ವಾರಗಳೊಳಗೆ ಶೇ. 34 ಮಂದಿಯ ಗಾಯ ಮಾಯಿತು, ಇದಿಲ್ಲದವರಲ್ಲಿ ಶೇ. 22 ಮಂದಿಯದು.

*ಮೀನಿನ ಚರ್ಮ.* ಸಂಸ್ಕರಿಸಿದ ಮೀನಿನ ಚರ್ಮವನ್ನು ಆಳವಾದ ಗಾಯಕ್ಕೆ ಹೊದಿಸುವ ವಿಧಾನ. 2024ರಲ್ಲಿ ಪ್ರಕಟವಾದ 255 ಜನರ ಪರೀಕ್ಷೆಯಲ್ಲಿ 16 ವಾರಕ್ಕೆ ಶೇ. 44 ಮಂದಿಯ ಗಾಯ ಮುಚ್ಚಿತು, ಸಾಮಾನ್ಯ ಆರೈಕೆಯಲ್ಲಿ ಶೇ. 26 ಮಂದಿಯದು.

*ವ್ಯಾಕ್ಯೂಮ್ ಯಂತ್ರ.* ಗಾಯದ ಮೇಲೆ ಸ್ಪಂಜು ಇಟ್ಟು, ಗಾಳಿಯಾಡದಂತೆ ಮುಚ್ಚಿ, ಸಣ್ಣ ಯಂತ್ರದಿಂದ ರಸವನ್ನು ಹೀರಿ ತೆಗೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಉಳಿದ ದೊಡ್ಡ ಗಾಯಗಳಿಗೆ ಇದು ನೆರವಾಗುತ್ತದೆ. ಇಲ್ಲಿ ಹೇಳಿದವುಗಳಲ್ಲಿ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು ಇದೇ.

*ಆಮ್ಲಜನಕ ಚಿಕಿತ್ಸೆ.* ರೋಗಿಯನ್ನು ಒತ್ತಡದ ಕೋಣೆಯಲ್ಲಿ ಕೂರಿಸಿ ಆಮ್ಲಜನಕ ಕೊಡುವುದು ಒಂದು ಬಗೆ, ಗಾಯಕ್ಕೆ ಮಾತ್ರ ಕೊಡುವುದು ಇನ್ನೊಂದು. ಎಲ್ಲರಿಗೂ ಬೇಕಿಲ್ಲ. ಸಾಮಾನ್ಯ ಆರೈಕೆ ಫಲ ಕೊಡದ, ಆಯ್ದ ರೋಗಿಗಳಿಗೆ ಯೋಚಿಸಬಹುದು ಎಂಬುದು ಮಾರ್ಗಸೂಚಿಯ ನಿಲುವು.

ಈ ಎಲ್ಲ ಅಂಕಿಗಳನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅತ್ಯುತ್ತಮ ಹೊಸ ಚಿಕಿತ್ಸೆಯೂ ನೂರಕ್ಕೆ ನೂರು ವಾಸಿ ಮಾಡುವುದಿಲ್ಲ. ವಾಸಿಯಾಗುವುದಕ್ಕೆ ತಿಂಗಳುಗಳೇ ಬೇಕು. ಎಲ್ಲ ಪರೀಕ್ಷೆಗಳಲ್ಲೂ ಹೊಸ ಚಿಕಿತ್ಸೆ ಹಳೆಯ ಆರೈಕೆಯ ಮೇಲೆ ಸೇರಿಸಿದ್ದೇ ಹೊರತು ಅದಕ್ಕೆ ಬದಲಿಯಲ್ಲ. ಆ ಹಳೆಯ ಆರೈಕೆ ಯಾವುದು?

ವೆಲ್ಲೂರಿನ ಪಾಠ: ಗಾಯಕ್ಕೆ ಬೇಕಾದದ್ದು ವಿಶ್ರಾಂತಿ

ಪಾಲ್ ಬ್ರಾಂಡ್ ಎಂಬ ವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಸೇರಿದರು. ಕುಷ್ಠರೋಗಿಗಳ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಬ್ರಾಂಡ್ ತೋರಿಸಿದ್ದು ಬೇರೆಯೇ. ಆ ಮಾಂಸದಲ್ಲಿ ವಿಶೇಷ ದೋಷವಿಲ್ಲ, ನೋವು ಗೊತ್ತಾಗದ ಕಾರಣ ರೋಗಿಗಳು ಗಾಯವಾದ ಕಾಲನ್ನೇ ಊರಿ ನಡೆಯುತ್ತಾರೆ. ಪಾದಕ್ಕೆ ಪ್ಲಾಸ್ಟರ್ ಹಾಕಿ ಒತ್ತಡ ತಪ್ಪಿಸಿದಾಗ ವರ್ಷಗಳಿಂದ ಇದ್ದ ಹುಣ್ಣುಗಳು ಮಾಯಿದವು. ಮೆತ್ತನೆಯ ಮೈಕ್ರೊಸೆಲ್ಯುಲರ್ ರಬ್ಬರಿನ ಪಾದರಕ್ಷೆಗಳೂ ವೆಲ್ಲೂರಿನ ಆ ಕೆಲಸದಿಂದಲೇ ಬಂದವು. ನಮ್ಮಲ್ಲಿ ಇಂದಿಗೂ ಕುಷ್ಠರೋಗಿಗಳಿಗೆ ಕೊಡುವ ಎಂಸಿಆರ್ ಚಪ್ಪಲಿ ಅದೇ. ಮುಂದೆ ಅಮೆರಿಕಕ್ಕೆ ಹೋದ ಬ್ರಾಂಡ್, ಸ್ಪರ್ಶ ಕಳೆದುಕೊಂಡ ಮಧುಮೇಹಿಗಳ ಪಾದಕ್ಕೂ ಇದೇ ಪಾಠ ಹೊಂದುತ್ತದೆ ಎಂದು ತೋರಿಸಿಕೊಟ್ಟರು.

ಇವತ್ತಿಗೂ ಅಂಗಾಲಿನ ಹುಣ್ಣಿಗೆ ಮೊದಲ ಚಿಕಿತ್ಸೆ ಇದೇ: ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಮೊಣಕಾಲಿನ ತನಕ ಪ್ಲಾಸ್ಟರ್ ಅಥವಾ ಬಿಚ್ಚಲಾಗದ ಬೂಟು ಹಾಕುತ್ತಾರೆ. ಅದರ ಜತೆಗೆ ಸತ್ತ ಅಂಗಾಂಶ ಕತ್ತರಿಸಿ ತೆಗೆಯುವುದು, ಸೋಂಕಿದ್ದರೆ ಆ್ಯಂಟಿಬಯಾಟಿಕ್, ರಕ್ತ ಸಂಚಾರ ಪರೀಕ್ಷಿಸಿ ಅಗತ್ಯವಿದ್ದರೆ ನಾಳ ತೆರೆಯುವುದು, ಸಕ್ಕರೆ ಹತೋಟಿ. ಈ ಐದು ಇಲ್ಲದೆ ಯಾವ ಕ್ರೀಮೂ ಕೆಲಸ ಮಾಡುವುದಿಲ್ಲ.

ನಮ್ಮ ಗಾದಿಗನೂರಿನ ರೈತರಿಗೆ ಕಷ್ಟ ಬರುವುದು ಇಲ್ಲೇ. ಎಲೆ ಅರೆಯಲು ಹತ್ತು ನಿಮಿಷ ಸಾಕು. ಆರು ವಾರ ಕಾಲೂರದೆ ಇರಿ ಎಂದರೆ ಹೊಲಕ್ಕೆ ಹೋಗುವವರು ಯಾರು, ಕೂಲಿ ತರುವವರು ಯಾರು? ಫಾರ್ವರ್ಡ್ ಗೆಲ್ಲುವುದು ಅದು ಸುಲಭದ ದಾರಿ ತೋರಿಸುವುದರಿಂದ. ಮನೆಯವರು ಆ ಆರು ವಾರದ ಕೆಲಸ ಹಂಚಿಕೊಂಡರೆ ಅದು ಯಾವ ಮುಲಾಮಿಗಿಂತಲೂ ದೊಡ್ಡ ಔಷಧಿ.

ಹೊಸ ಶುಗರ್ ಮಾತ್ರೆ, ಇಂಜೆಕ್ಷನ್‌ಗಳಿಂದ ಗಾಯ ವಾಸಿಯಾಗುವುದೇ?

ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು ಈಗ ಸುದ್ದಿಯಲ್ಲಿವೆ. ಮಧುಮೇಹದ ಜತೆ ಕಾಲಿನ ರಕ್ತನಾಳ ಕಿರಿದಾದವರು ಇದನ್ನು ಪಡೆದಾಗ, ಪಡೆಯದವರಿಗಿಂತ ಸುಮಾರು ಶೇ. 13ರಷ್ಟು ಹೆಚ್ಚು ದೂರ ನಡೆಯಬಲ್ಲವರಾದರು ಎಂದು 2025ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಹೇಳಿದೆ. ಭರವಸೆಯ ಸಂಗತಿ ಹೌದು. ಆದರೆ ಇದು ಗಾಯದ ಔಷಧಿಯಲ್ಲ.

ಗಾಯದಲ್ಲಿ ಸೋಂಕಿರುವಾಗ ವೈದ್ಯರು ಕೆಲ ಕಾಲ ಇನ್ಸುಲಿನ್ ಬರೆಯುವುದುಂಟು. "ಒಮ್ಮೆ ಇನ್ಸುಲಿನ್ ಶುರುವಾದರೆ ಚಟವಾಗುತ್ತದೆ" ಎಂದು ಹೆದರಿ ಬಿಡುವವರಿದ್ದಾರೆ. ಇನ್ಸುಲಿನ್ ನಮ್ಮ ದೇಹವೇ ತಯಾರಿಸುವ ರಸ, ಅದು ಚಟವಾಗುವುದಿಲ್ಲ. ಗಾಯ ಮಾಯ್ದ ಮೇಲೆ ಎಷ್ಟೋ ಜನರು ವೈದ್ಯರ ಸಲಹೆಯಂತೆ ಮತ್ತೆ ಮಾತ್ರೆಗೆ ಮರಳುತ್ತಾರೆ.

ನಂಬಿಕೆ ಮತ್ತು ನಿಜ

*"ಬದನೆಕಾಯಿ, ಬೇಳೆ, ಮೊಟ್ಟೆ ನಂಜು. ಗಾಯ ಇರುವಾಗ ತಿನ್ನಬಾರದು."* ನಿಜವಲ್ಲ. ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕು. ಬರೀ ಗಂಜಿ ಕುಡಿದರೆ ಸಕ್ಕರೆ ಏರುತ್ತದೆ, ಗಾಯ ಹಾಗೇ ಉಳಿಯುತ್ತದೆ. ಬೇಳೆ, ಕಾಳು, ಮೊಟ್ಟೆ, ಮೀನು, ಮೊಸರು ತಿನ್ನಬಹುದು. ಕಿಡ್ನಿ ತೊಂದರೆ ಇದ್ದವರು ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿ.

*"ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು."* ಹಿತವಾದ ತೇವದಲ್ಲಿ ಚರ್ಮ ಬೇಗ ಬೆಳೆಯುತ್ತದೆ. ಸ್ವಚ್ಛ ಪಟ್ಟಿಯಿಂದ ಮುಚ್ಚಿಡಿ. ಆದರೆ ಒಣಗಿ ಕಪ್ಪಾದ ಬೆರಳಿನ ವಿಷಯ ಬೇರೆ, ಅದನ್ನು ಒದ್ದೆ ಮಾಡದೆ ವೈದ್ಯರಿಗೆ ತೋರಿಸಿ.

*"ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಒಳಗಿನ ಕೊಳೆ ಹೋಗುತ್ತದೆ."* ಇವು ರೋಗಾಣುಗಳ ಜತೆ ಹೊಸದಾಗಿ ಬೆಳೆಯುವ ಜೀವಕೋಶಗಳನ್ನೂ ಕೊಲ್ಲುತ್ತವೆ. ಸಲೈನ್ ಅಥವಾ ಕುದಿಸಿ ಆರಿಸಿದ ನೀರು ಸಾಕು.

*"ನೋವಿಲ್ಲ, ಹಾಗಾಗಿ ಗಾಯ ಸಣ್ಣದು."* ಇದೇ ಎಲ್ಲಕ್ಕಿಂತ ಅಪಾಯದ ನಂಬಿಕೆ. ಮಧುಮೇಹಿಗಳಲ್ಲಿ ನೋವಿಲ್ಲದಿರುವುದೇ ರೋಗದ ಲಕ್ಷಣ.

*"ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ."* ಈ ಭಯ ಹುಟ್ಟಿದ್ದಕ್ಕೆ ಕಾರಣವಿದೆ. ಊರಿನಲ್ಲಿ ಯಾರೋ ಆಸ್ಪತ್ರೆಗೆ ಹೋದರು, ಕಾಲು ಕಳೆದುಕೊಂಡು ಬಂದರು. ಆದರೆ ಹೋಗುವ ಮುಂಚೆ ಎಷ್ಟು ವಾರ ಮನೆಯಲ್ಲಿ ಲೇಪ ಹಚ್ಚಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಮುಳ್ಳು ಚುಚ್ಚಿದ ವಾರದಲ್ಲೇ ಹೋದವರು ಪಟ್ಟಿ ಕಟ್ಟಿಸಿಕೊಂಡು ನಡೆದು ಬರುತ್ತಾರೆ. ಆ ಕಥೆ ಸುದ್ದಿಯಾಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ

ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ್ದರಿಂದ ಇದನ್ನು ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎನ್ನುತ್ತಾರೆ.

1. ಅಪ್ಪ, ಅಮ್ಮ ಅಥವಾ ಮನೆಯಲ್ಲಿ ಶುಗರ್ ಇರುವ ಯಾರನ್ನಾದರೂ ಕಾಲು ಚಾಚಿ ಮಲಗಲು ಹೇಳಿ. ಕಣ್ಣು ಮುಚ್ಚಿಕೊಳ್ಳಲಿ.
2. ಮುಟ್ಟಿದ್ದು ಗೊತ್ತಾದ ತಕ್ಷಣ "ಬಲ" ಅಥವಾ "ಎಡ" ಎನ್ನಲು ತಿಳಿಸಿ.
3. ನಿಮ್ಮ ತೋರುಬೆರಳಿನಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ.
4. ಒಟ್ಟು ಆರು ಜಾಗ. ಎರಡು ಅಥವಾ ಹೆಚ್ಚು ಜಾಗದಲ್ಲಿ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದರ್ಥ. ವೈದ್ಯರಿಗೆ ಪಾದ ತೋರಿಸಿ.

ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆದರೆ ಅಪಾಯ ಇರುವವರನ್ನು ಗಾಯವಾಗುವ ಮೊದಲೇ ಗುರುತಿಸಲು ಒಳ್ಳೆಯ ದಾರಿ.

ಸ್ಪರ್ಶ ಕಡಿಮೆ ಇರುವವರು ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಅಥವಾ ಮಕ್ಕಳಿಗೆ ಮೊಬೈಲ್ ಟಾರ್ಚ್ ಹಿಡಿಯಲು ಹೇಳಿ. ಚಪ್ಪಲಿ, ಶೂ ಹಾಕುವ ಮೊದಲು ಒಳಗೆ ಕೈಯಾಡಿಸಿ. ಬೆರಳ ಸಂದಿಯ ತೇವ ಒರೆಸಿ. ಆಣಿ, ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೊಯ್ಯಬೇಡಿ. ಬಿಸಿನೀರಿನಲ್ಲಿ ಕಾಲು ಅದ್ದಬೇಡಿ. ದೇವಸ್ಥಾನಕ್ಕೆ ಹೋಗುವವರು ಬಂಡೆ ಕಾಯುವ ಮುನ್ನ, ಬೆಳಗಿನ ಹೊತ್ತು ಹೋಗಿಬನ್ನಿ.

ಯಾವಾಗ ತಡ ಮಾಡಬಾರದು?

ಶುಗರ್ ಇರುವವರ ಪಾದದಲ್ಲಿ ಚರ್ಮ ಒಡೆದಿದ್ದರೆ, ಎಷ್ಟೇ ಚಿಕ್ಕದಾಗಿರಲಿ, ಒಂದೆರಡು ದಿನದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಇವು: ಗಾಯದ ಸುತ್ತ ಕೆಂಪು ಹರಡುವುದು, ಕೀವು, ಕೆಟ್ಟ ವಾಸನೆ, ಬೆರಳು ಕಪ್ಪಾಗುವುದು ಅಥವಾ ತಣ್ಣಗಾಗುವುದು, ಜ್ವರ, ನಡುಕ, ವಾಂತಿ. ಗಾಯವೇ ಇಲ್ಲದೆ ಒಂದು ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೂ ಹೋಗಿ. ಉಳುಕು ಎಂದು ನೀವಿಸಬೇಡಿ. ಅದು ಪಾದದ ಎಲುಬುಗಳೇ ಕುಸಿಯುವ ಶಾರ್ಕೋ ಎಂಬ ತೊಂದರೆ ಇರಬಹುದು.

ಗಾದಿಗನೂರು ಸುತ್ತಲಿನವರಿಗೆ ಒಂದು ಕಡೆ ಹೊಸಪೇಟೆಯ ಸರ್ಕಾರಿ ಆಸ್ಪತ್ರೆ ಇದೆ, ಇನ್ನೊಂದು ಕಡೆ ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಪಾದದ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗ ಇರುವ ಸರ್ಕಾರಿ ಸಂಸ್ಥೆ ಬೆಂಗಳೂರಿನಲ್ಲಿದೆ. ಮೊದಲು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಡಯಾಬಿಟಾಲಜಿ ಎಂದಿದ್ದ ಅದಕ್ಕೆ ಈಗ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಆ್ಯಂಡ್ ರಿಸರ್ಚ್ ಎಂದು ಹೆಸರು. ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104. ರಾಜ್ಯ ಸರ್ಕಾರ 2024ರಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಶುಗರ್, ಬಿಪಿ ನೋಡುತ್ತಾರೆ. ಅವರು ಬಂದಾಗ ಪಾದವನ್ನೂ ತೋರಿಸಿ.

ಆಸ್ಪತ್ರೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ: ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ? ಗಾಯ ಎಲುಬಿನವರೆಗೆ ಹೋಗಿದೆಯೇ? ಗಾಯದ ಮೇಲೆ ಭಾರ ಬೀಳದಿರಲು ಏನು ಮಾಡಬೇಕು? ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕೆ ಇಳಿಯದಿದ್ದರೆ ಮುಂದೇನು? ಹೊಸ ಚಿಕಿತ್ಸೆಗಳ ಮಾತು ಬರಬೇಕಾದದ್ದು ಈ ನಾಲ್ಕನೆಯ ಪ್ರಶ್ನೆಗೆ ಉತ್ತರವಾಗಿ.

ಗಾಯ ಮಾಯ್ದ ಮೇಲೂ ಎಚ್ಚರ ಬೇಕು. ಹುಣ್ಣು ಮಾಯ್ದವರಲ್ಲಿ ಸುಮಾರು ಶೇ. 40 ಮಂದಿಗೆ ಒಂದೇ ವರ್ಷದಲ್ಲಿ ಅದು ಮರುಕಳಿಸುತ್ತದೆ.

ನಮ್ಮ ತೀರ್ಮಾನ

"ದೊಡ್ಡಪತ್ರೆ, ಒಂದೆಲಗದ ಬಗ್ಗೆ ವಿದೇಶದಲ್ಲಿ ಸಂಶೋಧನೆಯಾಗಿದೆ" – ನಿಜ. "ಸೊಪ್ಪು ಅರೆದು ಹಚ್ಚಿದರೆ ಗಾಯ ವಾಸಿ" – ಆಧಾರವಿಲ್ಲ. "ಆಸ್ಪತ್ರೆಗೆ ಹೋಗಬೇಡಿ" – ಸುಳ್ಳು, ಅಪಾಯಕಾರಿ.

ಆ ಸಂದೇಶ ಮತ್ತೆ ಬಂದರೆ, ಕಳಿಸಿದ ಚಿಕ್ಕಪ್ಪನನ್ನೋ ಅತ್ತೆಯನ್ನೋ ಗ್ರೂಪಿನಲ್ಲಿ ಅವಮಾನ ಮಾಡಬೇಡಿ. ಅವರು ಕಾಳಜಿಯಿಂದಲೇ ಕಳಿಸಿರುತ್ತಾರೆ. ಬದಲಿಗೆ ಇಷ್ಟು ಕಳಿಸಿ:

"ಶುಗರ್ ಇರುವವರ ಕಾಲಿನ ಗಾಯಕ್ಕೆ ಸೊಪ್ಪು, ಅರಿಶಿನ ಹಚ್ಚಬೇಡಿ. ಸ್ವಚ್ಛ ನೀರಿನಿಂದ ತೊಳೆದು ಪಟ್ಟಿ ಕಟ್ಟಿ, ಆ ಕಾಲೂರಿ ನಡೆಯಬೇಡಿ, ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಿ. ಇವತ್ತು ರಾತ್ರಿ ಅಪ್ಪ ಅಮ್ಮನ ಪಾದ ಒಮ್ಮೆ ನೋಡಿ."